ಆರ್‌ಸಿ 390ಕ್ಕೆ ಮುಂದೆ 14 ಹಲ್ಲೋ, ಹಿಂದೆ 47 ಹಲ್ಲೋ? ಚೈನ್ ಸ್ಪ್ರಾಕೆಟ್ ಬದಲಿಸುವ ಲೆಕ್ಕ ಮತ್ತು ಕೆಲಸ

ಓದುಗರ ಪ್ರಶ್ನೆ: ನನ್ನ ಹತ್ತಿರ ಕೆಟಿಎಂ ಆರ್‌ಸಿ 390 ಇದೆ, 19,000 ಕಿ.ಮೀ. ಓಡಿದೆ. ವಾರವೆಲ್ಲ ಬೆಂಗಳೂರಿನ ಟ್ರಾಫಿಕ್, ಭಾನುವಾರ ನಂದಿ ಬೆಟ್ಟ. ಇನ್ನೆರಡು ತಿಂಗಳಲ್ಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಟ್ರ್ಯಾಕ್ ಡೇಗಾಗಿ ಹೋಗುವವನಿದ್ದೇನೆ. ಸೆಕೆಂಡ್ ಗೇರಿನಲ್ಲಿ ವೇಗ 25ಕ್ಕೆ ಇಳಿದರೆ ಗಾಡಿ ಜರ್ಕ್ ಹೊಡೆಯುತ್ತದೆ, ಚೈನಿನ ಸದ್ದೂ ಜೋರಾಗಿದೆ. ಮೆಕ್ಯಾನಿಕ್ ‘ಮುಂದೆ 14 ಹಲ್ಲಿನದು ಹಾಕಿಸಿ, ಪಿಕಪ್ ಬರುತ್ತೆ’ ಎನ್ನುತ್ತಾರೆ. ಗೆಳೆಯ ‘ಹಿಂದೆ 47 ಹಾಕಿಸು’ ಎನ್ನುತ್ತಾನೆ. ಯಾವುದು ಸರಿ? ಚೈನ್ ಉದ್ದ ಬದಲಾಗಬೇಕೆ? ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆಯೇ? ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ: ಮೊದಲು ಸವೆದ ಚೈನ್ ಸೆಟ್ಟನ್ನು, ಅಂದರೆ ಚೈನ್ ಮತ್ತು ಅದು ಓಡುವ ಎರಡು ಹಲ್ಲಿನ ಚಕ್ರಗಳನ್ನು (ಸ್ಪ್ರಾಕೆಟ್), ಪೂರ್ತಿ ಬದಲಿಸಿ. ಆ ಹೊತ್ತಿಗೆ ಮುಂದೆ 15 ಹಲ್ಲಿನದೇ ಇರಲಿ, ಹಿಂದೆ 46 ಅಥವಾ 47 ಹಾಕಿ. ನಗರದ ಜರ್ಕ್‌ಗೆ ಮಾತ್ರ ಸ್ಪ್ರಾಕೆಟ್ ಔಷಧವಲ್ಲ. ಅದು ಯಾಕೆಂದು ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ.

ನಿಮ್ಮ ಗಾಡಿಯಲ್ಲಿ ಕಂಪನಿಯಿಂದ ಬರುವುದು ಮುಂದೆ 15, ಹಿಂದೆ 45. ಅಂದರೆ ಅನುಪಾತ ಸರಿಯಾಗಿ 3. ಎಂಜಿನ್ ಮತ್ತು ಕ್ಲಚ್ ನಡುವಿನ ಪ್ರೈಮರಿ ಗೇರ್ 30:80 (ಎರಡನೇ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿದರೆ ಅನುಪಾತ). ಒಳಗಿನ ಆರು ಗೇರುಗಳು ಕ್ರಮವಾಗಿ 12:32, 14:26, 19:27, 21:24, 23:22, 25:21. ಹಿಂದಿನ ಟೈರ್ 150/60-17, ಅದರ ಸುತ್ತಳತೆ ಸುಮಾರು 1.92 ಮೀಟರ್. ಇಷ್ಟು ಗೊತ್ತಿದ್ದರೆ ಯಾವ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಯಾವ ವೇಗ ಎಂಬುದನ್ನು ಮನೆಯಲ್ಲೇ ಕ್ಯಾಲ್ಕುಲೇಟರ್ ಹಿಡಿದು ಕಂಡುಕೊಳ್ಳಬಹುದು. ಆರ್‌ಪಿಎಂ ಅನ್ನು ಪ್ರೈಮರಿ, ಗೇರ್, ಸ್ಪ್ರಾಕೆಟ್ ಈ ಮೂರೂ ಅನುಪಾತಗಳಿಂದ ಭಾಗಿಸಿ, ಸುತ್ತಳತೆಯಿಂದ ಗುಣಿಸಿ, 60ರಿಂದ ಗುಣಿಸಿ, ಕೊನೆಗೆ 1,000ದಿಂದ ಭಾಗಿಸಿ. ಬರುವುದು ಗಂಟೆಗೆ ಎಷ್ಟು ಕಿಲೋಮೀಟರ್ ಎಂಬ ಸಂಖ್ಯೆ.

ಎಂಜಿನ್ನಿನ ಪೂರ್ತಿ ಬಲ ಸಿಗುವ 9,500 ಆರ್‌ಪಿಎಂ ಇಟ್ಟುಕೊಂಡು ಹಾಕಿದರೆ, ಒಂದರಿಂದ ಆರನೇ ಗೇರಿನವರೆಗೆ ಹೀಗೆ ಬರುತ್ತದೆ:

15/45 – 51, 74, 96, 120, 143, 163 ಕಿ.ಮೀ.
15/47 – 49, 71, 92, 115, 137, 156 ಕಿ.ಮೀ.
14/45 – 48, 69, 90, 112, 134, 152 ಕಿ.ಮೀ.

ಶೇಕಡಾವಾರು ಹೇಳುವುದಾದರೆ, ಹಿಂದೆ ಒಂದು ಹಲ್ಲು ಏರಿಸಿದರೆ ಚಕ್ರಕ್ಕೆ ಸಿಗುವ ತಿರುಚು ಬಲ ಶೇ 2.2 ಹೆಚ್ಚುತ್ತದೆ, ಎರಡು ಏರಿಸಿದರೆ ಶೇ 4.4, ಮೂರಕ್ಕೆ ಶೇ 6.7. ಮುಂದೆ ಒಂದೇ ಹಲ್ಲು ಇಳಿಸಿದರೆ ಶೇ 7.1. ಮುಂದಿನ ಒಂದು ಹಲ್ಲು ಹಿಂದಿನ ಮೂರಕ್ಕಿಂತ ಸ್ವಲ್ಪ ಜಾಸ್ತಿಯೇ. ಮೆಕ್ಯಾನಿಕ್‌ಗಳು ಮುಂದಿನದನ್ನೇ ಹೇಳುವುದಕ್ಕೆ ಇದೂ ಒಂದು ಕಾರಣ: ಭಾಗ ಚಿಕ್ಕದು, ಬೆಲೆ ಕಡಿಮೆ, ಚಕ್ರ ಬಿಚ್ಚಬೇಕಿಲ್ಲ, ಗಿರಾಕಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಈಗ ನಿಮ್ಮ ಜರ್ಕ್ ವಿಚಾರ. ಸೆಕೆಂಡ್ ಗೇರಿನಲ್ಲಿ 25 ಕಿ.ಮೀ. ವೇಗಕ್ಕೆ ಈಗ ಎಂಜಿನ್ ಸುಮಾರು 3,220 ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ. 47 ಹಾಕಿದರೆ 3,365 ಆಗುತ್ತದೆ, 14 ಹಾಕಿದರೆ 3,450. ಇದು ಒಂದೇ ಸಿಲಿಂಡರಿನ ದೊಡ್ಡ ಎಂಜಿನ್. ಮೂರೂವರೆ ಸಾವಿರದ ಕೆಳಗೆ ಅದು ಒಂದೊಂದು ಹೊಡೆತವನ್ನೂ ಚೈನಿಗೆ ಬಿಡಿಬಿಡಿಯಾಗಿ ದಾಟಿಸುತ್ತದೆ. 200 ಆರ್‌ಪಿಎಂ ಹೆಚ್ಚಾದ ಮಾತ್ರಕ್ಕೆ ಈ ಗುಣ ಹೋಗದು. ಅದೇ 25ರ ವೇಗಕ್ಕೆ ಫಸ್ಟ್ ಗೇರಿಗೆ ಇಳಿದರೆ ಎಂಜಿನ್ 4,620ರಲ್ಲಿ ಸಲೀಸಾಗಿ ಇರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ತೆವಳುವ ಟ್ರಾಫಿಕ್ಕಿನಲ್ಲಿ ಈ ಗಾಡಿಗೆ ಫಸ್ಟ್ ಗೇರೇ ಸರಿ. ಅದರಿಂದ ಎಂಜಿನ್ನಿಗೆ ಯಾವ ಹಾನಿಯೂ ಇಲ್ಲ.

ಜೊತೆಗೆ, 19,000 ಕಿ.ಮೀ. ಓಡಿದ ಗಾಡಿಯಲ್ಲಿ ಜರ್ಕ್ ಹೆಚ್ಚುವುದಕ್ಕೆ ಇನ್ನೂ ಎರಡು ಕಾರಣ ಇರುತ್ತವೆ. ಒಂದು, ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲವಾಗಿ ಸವೆದ ಚೈನ್. ಇನ್ನೊಂದು, ಹಿಂದಿನ ಹಬ್ಬಿನೊಳಗಿನ ಕುಶ್ ರಬ್ಬರ್. ಸ್ಪ್ರಾಕೆಟ್ ಕೂರುವ ಕ್ಯಾರಿಯರ್‌ಗೂ ಚಕ್ರಕ್ಕೂ ನಡುವೆ ಇರುವ ಈ ರಬ್ಬರ್ ತುಂಡುಗಳು ಎಂಜಿನ್ನಿನ ಹೊಡೆತವನ್ನು ನುಂಗುತ್ತವೆ. ಅವು ಗಟ್ಟಿಯಾಗಿ ಕುಗ್ಗಿದ್ದರೆ ಥ್ರಾಟಲ್ ಬಿಟ್ಟು ಹಿಡಿದಾಗೆಲ್ಲ ‘ಟಕ್’ ಎನ್ನುತ್ತದೆ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಚಕ್ರವನ್ನು ಗಟ್ಟಿಯಾಗಿ ಹಿಡಿದು, ಹಿಂದಿನ ಸ್ಪ್ರಾಕೆಟ್ಟನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ ನೋಡಿ. ಬಿಗಿಯಾಗಿ, ರಬ್ಬರಿನ ಎದುರು ಒತ್ತಿದ ಹಾಗೆ ಇರಬೇಕು. ಲೊಡಲೊಡ ಆಡಿದರೆ ರಬ್ಬರ್ ಬದಲಿಸಿ. ನೀವು ಕೇಳಿದ ತೊಂದರೆಯಲ್ಲಿ ಬಹುಪಾಲು ಇಲ್ಲೇ ತೀರಬಹುದು.

14 ಬೇಡವೆನ್ನಲು ಕಾರಣ

ಚೈನ್ ಸ್ಪ್ರಾಕೆಟ್ಟಿನ ಸುತ್ತ ಬಾಗುವಾಗ ಪ್ರತಿ ಲಿಂಕ್ ಒಂದು ಕೋನದಷ್ಟು ಮಡಚಿಕೊಳ್ಳಬೇಕು. 15 ಹಲ್ಲಿನ ಮೇಲೆ ಅದು 24 ಡಿಗ್ರಿ, 14ರ ಮೇಲೆ 25.7 ಡಿಗ್ರಿ. ಸವೆತವೆಲ್ಲ ಆಗುವುದು ಪಿನ್ನಿನ ಸುತ್ತಲ ಈ ಮಡಚುವಿಕೆಯಲ್ಲೇ. ಮುಂದಿನ 15 ಹಲ್ಲಿನ ಚಕ್ರದ ಪಿಚ್ ತ್ರಿಜ್ಯ (ಚೈನಿನ ಪಿನ್‌ಗಳು ಸುತ್ತುವ ವೃತ್ತದ ತ್ರಿಜ್ಯ) 38.2 ಮಿ.ಮೀ., 14ರದ್ದು 35.7. ಎಂಜಿನ್ನಿನ ತಿರುಚು ಬಲ ಅಷ್ಟೇ ಇದ್ದು ತ್ರಿಜ್ಯ ಕಡಿಮೆಯಾದರೆ ಚೈನಿನ ಮೇಲಿನ ಎಳೆತ ಶೇ 7ರಷ್ಟು ಏರುತ್ತದೆ. ಆ ಎಳೆತವನ್ನು ಗೇರ್‌ಬಾಕ್ಸ್ ಔಟ್‌ಪುಟ್ ಶಾಫ್ಟಿನ ಬೇರಿಂಗ್ ಕೂಡ ಹೊರಬೇಕು. ಹಿಂದೆ 47 ಹಾಕಿದಾಗ ಹೀಗಾಗುವುದಿಲ್ಲ. ಚೈನಿನ ಎಳೆತ ಮೊದಲಿದ್ದಷ್ಟೇ, ಹಿಂದಿನ ತ್ರಿಜ್ಯ 113.8ರಿಂದ 118.8 ಮಿ.ಮೀ.ಗೆ ಏರಿದ್ದರಿಂದ ಚಕ್ರಕ್ಕೆ ಹೆಚ್ಚು ಬಲ ಸಿಗುತ್ತದೆ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಚೈನಿನಲ್ಲಿ ಒಳ ಲಿಂಕ್, ಹೊರ ಲಿಂಕ್ ಒಂದಾದ ಮೇಲೊಂದು ಇರುತ್ತವೆ, ಹಾಗಾಗಿ ಒಟ್ಟು ಸಂಖ್ಯೆ ಯಾವಾಗಲೂ ಸಮ. ಸ್ಪ್ರಾಕೆಟ್ಟಿನ ಹಲ್ಲೂ ಸಮಸಂಖ್ಯೆಯಾದರೆ ಒಂದು ಹಲ್ಲಿಗೆ ಸದಾ ಒಳ ಲಿಂಕೇ, ಪಕ್ಕದ ಹಲ್ಲಿಗೆ ಸದಾ ಹೊರ ಲಿಂಕೇ ಸಿಗುತ್ತದೆ, ಸವೆತ ಒಂದೇ ತೆರನಾಗಿ ಹಂಚುವುದಿಲ್ಲ. 15 ಮತ್ತು 47 ಎರಡೂ ಬೆಸ. ಪ್ರತಿ ಹಲ್ಲೂ ಎರಡು ಬಗೆಯ ಲಿಂಕನ್ನೂ ಸರದಿಯಲ್ಲಿ ಹಿಡಿಯುತ್ತದೆ. ಬೇಗ ಬೇಗ ತಿರುಗುವ ಮುಂದಿನ ಸ್ಪ್ರಾಕೆಟ್ಟಿಗೆ ಇದು ಹೆಚ್ಚು ಮುಖ್ಯ.

ಮುಂದಿನದು ಚಿಕ್ಕದಾದಷ್ಟೂ ಚೈನ್ ಸ್ವಿಂಗ್‌ಆರ್ಮಿನ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮೇಲಿರುವ ಪ್ಲಾಸ್ಟಿಕ್ ಸ್ಲೈಡರಿಗೆ ಹತ್ತಿರವಾಗುತ್ತದೆ. ಎರಡೂವರೆ ಮಿ.ಮೀ. ವ್ಯತ್ಯಾಸ ಚಿಕ್ಕದೆನಿಸಿದರೂ, ಸ್ಲೈಡರ್ ಮೊದಲೇ ಸವೆದಿದ್ದರೆ ಚೈನ್ ಅದನ್ನು ಕೊರೆದು ಕೆಳಗಿನ ಲೋಹಕ್ಕೆ ತಾಗುತ್ತದೆ.

ಇಷ್ಟು ಹೇಳಿದ ಮೇಲೂ 14ಕ್ಕೆ ಒಂದು ನ್ಯಾಯವಾದ ಉಪಯೋಗ ಇದೆ. ಶಾರ್ಟ್ ಗೇರಿಂಗ್ (ಪಿಕಪ್ ಹೆಚ್ಚು, ಪ್ರತಿ ಗೇರಿನ ವೇಗ ಕಡಿಮೆ) ನಿಮಗೆ ಹಿಡಿಸುತ್ತದೆಯೇ ಎಂದು ಕಡಿಮೆ ಖರ್ಚಿನಲ್ಲಿ ಪರೀಕ್ಷೆ ಮಾಡಲು, ಅಥವಾ ಒಂದು ದಿನದ ಟ್ರ್ಯಾಕಿಗೆ ಹಾಕಿ ತೆಗೆಯಲು ಅದು ಒಳ್ಳೆಯದು. ಆದರೆ ಚೈನ್ ಸ್ಥಿತಿ ಚೆನ್ನಾಗಿರಬೇಕು. ಎಳೆದು ಉದ್ದವಾದ ಹಳೇ ಚೈನಿಗೆ ಹೊಸ 14 ಕೂರಿಸಿದರೆ ಲಿಂಕುಗಳ ಅಂತರ ಹಲ್ಲಿನ ಅಂತರಕ್ಕೆ ಹೊಂದದೆ ರೋಲರ್ ಹಲ್ಲಿನ ತುದಿಗೆ ಏರುತ್ತದೆ. ಹೊಸ ಸ್ಪ್ರಾಕೆಟ್ ಕೆಲವೇ ಸಾವಿರ ಕಿ.ಮೀ.ನಲ್ಲಿ ಕೊಕ್ಕೆಯಂತೆ ಬಾಗುತ್ತದೆ.

ಚೈನ್ ಸವೆದಿದೆಯೇ ಎಂದು ತಿಳಿಯಲು ಕೆಟಿಎಂ ಹೇಳುವ ಅಳತೆ ಹೀಗಿದೆ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಕೆಳಗಿನ ಚೈನನ್ನು 10ರಿಂದ 15 ಕೆ.ಜಿ. ಭಾರದಷ್ಟು ಎಳೆದು ಹಿಡಿದು, 18 ರೋಲರ್‌ಗಳ ಅಂತರ ಅಳೆಯಿರಿ. 272 ಮಿ.ಮೀ. ದಾಟಿದ್ದರೆ ಚೈನ್ ಮುಗಿದಿದೆ. ಹೊಸದರಲ್ಲಿ ಇದು 270ರ ಆಸುಪಾಸು, ಅಂದರೆ ನಿಮಗಿರುವ ಅವಕಾಶ ಬರೀ ಎರಡು ಮಿ.ಮೀ. ಚೈನ್ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ, ಮೂರು ನಾಲ್ಕು ಜಾಗದಲ್ಲಿ ಅಳೆಯಿರಿ. ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಎರಡು ಬೆರಳಲ್ಲಿ ಹಿಡಿದು ಹೊರಕ್ಕೆ ಎಳೆದಾಗ ಹಲ್ಲಿನ ಅರ್ಧ ಭಾಗ ಕಂಡರೂ ಅದೇ ತೀರ್ಪು.

ಟಾಪ್ ಸ್ಪೀಡ್‌ಗೆ ದೊಡ್ಡ ಗೇರಿಂಗ್

ಮುಂದೆ 16 ಹಾಕಿದರೆ ಟಾಪ್ ಸ್ಪೀಡ್ ಏರುತ್ತದೆ ಎನ್ನುವವರು ಸಿಗುತ್ತಾರೆ. ಈ ಗಾಡಿಯಲ್ಲಿ ಅದು ನಿಜವಲ್ಲ. ಕಂಪನಿಯ ಗೇರಿಂಗ್‌ನಲ್ಲೇ ಆರನೇ ಗೇರಿನ 163 ಕಿ.ಮೀ. ವೇಗ ಪೂರ್ತಿ ಬಲದ ಆರ್‌ಪಿಎಂಗೆ ಸರಿಯಾಗಿ ಹೊಂದಿದೆ. 16 ಹಾಕಿದರೆ ಅದೇ ವೇಗದಲ್ಲಿ ಎಂಜಿನ್ 8,900ಕ್ಕೆ ಇಳಿಯುತ್ತದೆ, ಅಲ್ಲಿ ಬಲ ಕಡಿಮೆ, ಗಾಳಿಯನ್ನು ತಳ್ಳಲು ಬೇಕಾದ್ದು ಮಾತ್ರ ಅಷ್ಟೇ. ಎದುರುಗಾಳಿ ಬಂದರೆ ಐದನೇ ಗೇರಿಗೆ ಇಳಿಯಬೇಕಾಗುತ್ತದೆ. ಹೈವೇಯಲ್ಲಿ ಎಂಜಿನ್ ಸದ್ದು ಕಡಿಮೆಯಾಗಲಿ ಎಂದಾದರೆ 16ಕ್ಕೆ ಅರ್ಥವಿದೆ: ಆರನೇ ಗೇರಿನಲ್ಲಿ 100 ಕಿ.ಮೀ. ವೇಗಕ್ಕೆ 15/45ರಲ್ಲಿ 5,830 ಇರುವುದು 5,465ಕ್ಕೆ ಇಳಿಯುತ್ತದೆ. 15/47ರಲ್ಲಿ ಅದು 6,090, 14/45ರಲ್ಲಿ 6,245. ತುಮಕೂರು ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ ಈ ವ್ಯತ್ಯಾಸ ಕೈಗೂ ಪೆಟ್ರೋಲಿಗೂ ಗೊತ್ತಾಗುತ್ತದೆ.

ಟ್ರ್ಯಾಕಿಗೆ ಹೇಗೆ ಆರಿಸಬೇಕು

ಕರಿ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಉದ್ದದ ಚಿಕ್ಕ, ತಿರುವುಗಳೇ ತುಂಬಿದ ಟ್ರ್ಯಾಕ್. ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈಯ ಟ್ರ್ಯಾಕ್ 3.7 ಕಿ.ಮೀ., ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್ 5.1 ಕಿ.ಮೀ., ಅಲ್ಲಿಯ ಹಿಂಬದಿಯ ನೇರ ದಾರಿಯೇ ಒಂದು ಕಿ.ಮೀ. ದಾಟುತ್ತದೆ. ಮೂರಕ್ಕೂ ಒಂದೇ ಸ್ಪ್ರಾಕೆಟ್ ಸರಿಹೋಗದು. ಬುದ್ಧಕ್ಕೆ ಹೋಗುವವರು 15/45 ಮುಟ್ಟಬೇಡಿ.

ಆಯ್ಕೆ ಮಾಡುವಾಗ ಎರಡು ಜಾಗ ನೋಡಬೇಕು. ಅತಿ ಉದ್ದದ ನೇರ ದಾರಿಯಲ್ಲಿ ಬ್ರೇಕ್ ಹಿಡಿಯುವ ಮುಂಚಿನ ಕ್ಷಣ ಯಾವ ಗೇರು, ಎಷ್ಟು ಆರ್‌ಪಿಎಂ ಎಂಬುದು ಮೊದಲನೆಯದು. ಕೊನೆಯ ಗೇರಿನಲ್ಲಿ ಪೂರ್ತಿ ಬಲದ ಆರ್‌ಪಿಎಂ ತಲುಪದೇ ಬ್ರೇಕ್ ಬಂದರೆ ಗೇರಿಂಗ್ ದೊಡ್ಡದಾಯಿತು. ಎರಡನೆಯದು ಇನ್ನೂ ಮುಖ್ಯ: ಆ ನೇರ ದಾರಿಗೆ ನಿಮ್ಮನ್ನು ತಂದು ಬಿಡುವ ತಿರುವು. ಅಲ್ಲಿಂದ ಗ್ಯಾಸ್ ಕೊಡುತ್ತ ಹೊರಬರುವಾಗ ಗಾಡಿ ಇನ್ನೂ ವಾಲಿರುವಾಗಲೇ ಗೇರ್ ಏರಿಸಬೇಕಾಗಿ ಬಂದರೆ ಆ ಗೇರಿಂಗ್ ತಪ್ಪು, ಕಾಗದದ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ. ಉದಾಹರಣೆಗೆ ತಿರುವಿನ ಕೊನೆಯಲ್ಲಿ ನಿಮ್ಮ ವೇಗ 72 ಇದ್ದರೆ 15/45ರಲ್ಲಿ ಸೆಕೆಂಡ್ ಗೇರ್ ಅಲ್ಲಿವರೆಗೆ ಪೂರ್ತಿ ಬಲದಲ್ಲಿ ಎಳೆಯುತ್ತದೆ. 14/45ರಲ್ಲಿ 69ಕ್ಕೇ ಆ ಗಡಿ ಬಂದುಬಿಡುತ್ತದೆ. ಆದ್ದರಿಂದ ಮೊದಲ ಟ್ರ್ಯಾಕ್ ಡೇಗೆ 15/45ರಲ್ಲೇ ಹೋದರೂ ನಷ್ಟವಿಲ್ಲ. ಪ್ರತಿ ತಿರುವಿನ ಗೇರು, ಆರ್‌ಪಿಎಂ ಬರೆದುಕೊಂಡು ಬನ್ನಿ. ಆಮೇಲೆ ಹಲ್ಲು ಆರಿಸುವುದು ಊಹೆಯ ಕೆಲಸವಾಗಿ ಉಳಿಯುವುದಿಲ್ಲ.

ಟೈರನ್ನು ಮರೆಯಬೇಡಿ. 150/60 ಬದಲು 140/70 ಹಾಕಿಸಿದವರಿದ್ದಾರೆ. ಅದರ ವ್ಯಾಸ ಶೇ 2.6 ಹೆಚ್ಚು, ಅಂದರೆ ಹಿಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲಿಗಿಂತ ಹೆಚ್ಚು ಕಳೆದುಕೊಂಡ ಲೆಕ್ಕ. ಅಂಥವರು 46 ಹಾಕಿ ‘ಏನೂ ವ್ಯತ್ಯಾಸ ಇಲ್ಲ’ ಎನ್ನುವುದು ಸಹಜ.

ಏನೇನು ಕೊಳ್ಳಬೇಕು

ಚೈನ್ 520 ಅಳತೆಯದು, ಎಕ್ಸ್-ರಿಂಗ್ (ಪಿನ್ನಿನ ಗ್ರೀಸ್ ಹೊರಹೋಗದಂತೆ ತಡೆಯುವ ರಬ್ಬರ್ ರಿಂಗ್) ಇರುವಂಥದ್ದು, ರಿವೆಟ್ ಲಿಂಕ್ (ಚೈನಿನ ಎರಡು ತುದಿ ಕೂಡಿಸುವ ಲಿಂಕ್) ಸಮೇತ. ಡಿಐಡಿ, ಆರ್‌ಕೆ ಜಪಾನಿನವು. ರೋಲಾನ್ ಕೊಯಮತ್ತೂರಿನ ಎಲ್‌ಜಿಬಿಯದ್ದು. ಸ್ಪ್ರಾಕೆಟ್ ಎರಡೂ ಉಕ್ಕಿನದೇ ಇರಲಿ. ಹಿಂದಿನದು ಅಲ್ಯೂಮಿನಿಯಂ ಆದರೆ ತೂಕ ಇಳಿಯುತ್ತದೆ, ಆದರೆ ನಮ್ಮ ದೂಳು, ಮಳೆಗೆ ಉಕ್ಕಿನಷ್ಟು ಬಾಳುವುದಿಲ್ಲ. ಅದು ರೇಸಿಗೆ ಮಾತ್ರ. ಹಿಂದಿನ ಸ್ಪ್ರಾಕೆಟ್ ಕೊಳ್ಳುವಾಗ ಹಲ್ಲು ಮಾತ್ರ ನೋಡಿದರೆ ಸಾಲದು. ನಡುವಿನ ರಂಧ್ರದ ವ್ಯಾಸ, ಬೋಲ್ಟ್ ವೃತ್ತದ ವ್ಯಾಸ, ಬೋಲ್ಟ್ ರಂಧ್ರದ ಅಳತೆ ಮತ್ತು ತಟ್ಟೆ ಚಪ್ಪಟೆಯೇ ಅಥವಾ ಉಬ್ಬಿದೆಯೇ ಎಂಬುದು ಹಳೆಯದಕ್ಕೆ ತಾಳೆಯಾಗಬೇಕು. ಹಳೇ ತಟ್ಟೆಯನ್ನು ಅದರ ಮೇಲಿಟ್ಟೇ ನೋಡಿ. 47 ಸಿಗದಿದ್ದರೆ 46 ಸಾಕು. ಮೂಲ 45 ಮತ್ತು ಬಿಲ್ ಜೋಪಾನ ಮಾಡಿ. ವಾರಂಟಿ ಇದ್ದರೆ ಗೇರ್‌ಬಾಕ್ಸ್ ದೂರು ಬಂದಾಗ ಸರ್ವಿಸ್ ಸೆಂಟರ್‌ನವರು ಬದಲಾದ ಸ್ಪ್ರಾಕೆಟ್ಟನ್ನು ಮುಂದಿಡುತ್ತಾರೆ.

ಚೈನ್ ಉದ್ದ

520, 525, 530 ಮೂರರಲ್ಲೂ ಒಂದು ಲಿಂಕಿನ ಪಿಚ್ (ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಇರುವ ಅಂತರ) 15.875 ಮಿ.ಮೀ. ಹಿಂದೆ ಒಂದು ಹಲ್ಲು ಹೆಚ್ಚಿಸಿದರೆ ಅರ್ಧ ಲಿಂಕಿಗಿಂತ ತುಸು ಹೆಚ್ಚು ಚೈನ್ ಬೇಕು. ಚೈನ್ ಅಷ್ಟೇ ಇದ್ದರೆ ಹಿಂದಿನ ಚಕ್ರದ ಆಕ್ಸಲ್ ಸುಮಾರು 4.3 ಮಿ.ಮೀ. ಮುಂದೆ ಬರಬೇಕು. ಮುಂದೆ ಒಂದು ಹಲ್ಲು ಕಡಿಮೆಯಾದರೆ ಆಕ್ಸಲ್ 3.6 ಮಿ.ಮೀ. ಹಿಂದಕ್ಕೆ ಹೋಗಬೇಕು. ಹಾಗಾಗಿ 47ಕ್ಕೆ ಆಕ್ಸಲ್ ಸುಮಾರು 8.6 ಮಿ.ಮೀ. ಮುಂದೆ ಬರುತ್ತದೆ. ಹೊಸ ಚೈನನ್ನು ಹಳೆಯದಷ್ಟೇ ಲಿಂಕಿನಲ್ಲಿ ಹಾಕಿದಾಗ ಅಡ್ಜಸ್ಟರಿನಲ್ಲಿ ಅಷ್ಟು ಜಾಗ ಉಳಿಯುತ್ತದೆಯೇ ಎಂದು ಮೊದಲೇ ಅಳೆಯಿರಿ. ಉಳಿಯದಿದ್ದರೆ ಎರಡು ಲಿಂಕ್ ಹೆಚ್ಚು ಬೇಕು. ಎರಡು ಲಿಂಕ್ ಕೂಡಿಸಿದರೆ ಆಕ್ಸಲ್ 15.9 ಮಿ.ಮೀ. ಹಿಂದೆ ಸರಿಯುತ್ತದೆ.

ಆಕ್ಸಲ್ ಮುಂದೆ ಬಂದರೆ ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ಅಂತರ) ಚಿಕ್ಕದಾಗಿ ಗಾಡಿ ತಿರುವಿಗೆ ಸ್ವಲ್ಪ ಚುರುಕಾಗುತ್ತದೆ, ಟೈರ್ ಮತ್ತು ಹಿಂದಿನ ಮಡ್‌ಗಾರ್ಡ್ ನಡುವಿನ ಅಂತರ ಕಡಿಮೆಯಾಗುತ್ತದೆ. ಚೈನ್‌ಗಾರ್ಡಿಗೆ ದೊಡ್ಡ ಸ್ಪ್ರಾಕೆಟ್ ತಾಗುತ್ತದೆಯೇ ಎಂಬುದನ್ನೂ ಬೆರಳು ಹಾಕಿ ನೋಡಿ.

ಕೆಲಸ

ಮನೆಯಲ್ಲಿ ಮಾಡಬಹುದು. ಪ್ಯಾಡಕ್ ಸ್ಟ್ಯಾಂಡ್, ಟಾರ್ಕ್ ರೆಂಚ್, ವರ್ನಿಯರ್ ಕ್ಯಾಲಿಪರ್, ಚೈನ್ ಕಟ್ಟರ್ ಮತ್ತು ರಿವೆಟ್ ಮಾಡುವ ಟೂಲ್ ಬೇಕು. ಕೊನೆಯ ಎರಡು ಇಲ್ಲದಿದ್ದರೆ ಆ ಭಾಗವನ್ನು ಗ್ಯಾರೇಜಿನಲ್ಲಿ ಮಾಡಿಸಿ. ಸುತ್ತಿಗೆಯಿಂದ ಪಿನ್ ತಟ್ಟಿ ಅಗಲಿಸುವ ಕೆಲಸ ಸ್ಪೋರ್ಟ್ ಬೈಕಿಗೆ ಬೇಡವೇ ಬೇಡ. ಪ್ರತಿ ಬೋಲ್ಟಿನ ಟಾರ್ಕ್ (ಎಷ್ಟು ಬಿಗಿ ಮಾಡಬೇಕೆಂಬ ಅಳತೆ) ನಿಮ್ಮ ವರ್ಷದ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ಲಿನಿಂದಲೇ ತೆಗೆದುಕೊಳ್ಳಿ.

ಬಹಳ ಜನ ಮೊದಲು ಚೈನ್ ಕತ್ತರಿಸಿಬಿಡುತ್ತಾರೆ. ಆಮೇಲೆ ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟ್ ಬಿಚ್ಚಲು ಹೋದರೆ ಶಾಫ್ಟೇ ತಿರುಗುತ್ತದೆ. ಆದ್ದರಿಂದ ಮೊದಲು ಸ್ಪ್ರಾಕೆಟ್ ಕವರ್ ತೆಗೆದು, ಚೈನ್ ಇರುವಾಗಲೇ, ಚಕ್ರ ನೆಲದ ಮೇಲಿರುವಾಗ, ಇನ್ನೊಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದಿರಲಿ, ಆಗ ಮುಂದಿನ ಬೋಲ್ಟನ್ನು ಸಡಿಲ ಮಾಡಿ. ಕೆಲವು ಬೈಕುಗಳಲ್ಲಿ ಅಲ್ಲಿ ಮಡಚಿದ ಲಾಕ್ ವಾಷರ್ ಇರುತ್ತದೆ, ಅದನ್ನು ಮೊದಲು ಚಪ್ಪಟೆ ಮಾಡಬೇಕು. ಇನ್ನು ಕೆಲವದರಲ್ಲಿ ಎರಡು ಚಿಕ್ಕ ಬೋಲ್ಟಿನ ತಟ್ಟೆ ಇರುತ್ತದೆ. ಕವರಿನೊಳಗೆ ಗ್ರೀಸ್ ಮತ್ತು ದೂಳು ಸೇರಿ ಕಪ್ಪು ಮುದ್ದೆಯಾಗಿ ಕೂತಿರುತ್ತದೆ. ಕೆರೆದು ತೆಗೆದು ಸೀಮೆಎಣ್ಣೆಯಲ್ಲಿ ಒರೆಸಿ, ಶಾಫ್ಟಿನ ಆಯಿಲ್ ಸೀಲ್ ಒಸರುತ್ತಿದೆಯೇ ನೋಡಿ. ಹಳೇ ಸ್ಪ್ರಾಕೆಟ್ ಯಾವ ಮುಖ ಹೊರಗಿತ್ತು ಎಂದು ಫೋಟೋ ತೆಗೆದುಕೊಳ್ಳಿ. ತಿರುವಿ ಹಾಕಿದರೆ ಚೈನ್ ಲೈನ್ ತಪ್ಪುತ್ತದೆ.

ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಆಕ್ಸಲ್ ಸಡಿಲಿಸಿ. ಚೈನ್ ಸ್ವಿಂಗ್‌ಆರ್ಮಿನ ಸುತ್ತ ಹಾಯ್ದಿರುವುದರಿಂದ ಹಳೇ ಚೈನ್ ಕತ್ತರಿಸಲೇಬೇಕು. ಒಂದು ಪಿನ್ನಿನ ತಲೆಯನ್ನು ಗ್ರೈಂಡರಿನಲ್ಲಿ ಸಮತಟ್ಟು ಮಾಡಿ ಆಮೇಲೆ ಕಟ್ಟರಿನಲ್ಲಿ ತಳ್ಳಿ. ಹಾಗೇ ತಳ್ಳಿದರೆ ಕಟ್ಟರಿನ ಪಿನ್ನೇ ಮುರಿಯುತ್ತದೆ. ಚಕ್ರ ಹೊರಬಂದ ಮೇಲೆ ಕ್ಯಾರಿಯರ್ ಎಳೆದು ಕುಶ್ ರಬ್ಬರ್ ನೋಡಿ, ಕ್ಯಾರಿಯರಿನ ಬೇರಿಂಗನ್ನು ಬೆರಳಿನಿಂದ ತಿರುಗಿಸಿ. ಮರಳು ಸಿಕ್ಕಂತೆ ಒರಟಾಗಿದ್ದರೆ ಈಗಲೇ ಬದಲಿಸಿ, ಇದಕ್ಕಾಗಿ ಇನ್ನೊಮ್ಮೆ ಚಕ್ರ ಬಿಚ್ಚುವುದು ಬೇಡ. ಎಬಿಎಸ್ ರಿಂಗ್ ಮತ್ತು ಸೆನ್ಸರ್ ವೈರಿಗೆ ಪೆಟ್ಟಾಗದಿರಲಿ.

ಸ್ಪ್ರಾಕೆಟ್ ಕೂರುವ ಮುಖವನ್ನು ಬಟ್ಟೆಯಿಂದ ಒರೆಸಿ. ಅಲ್ಲಿ ಒಂದು ಕಣ ಮಣ್ಣು ಉಳಿದರೂ ತಟ್ಟೆ ಓಲಾಡುತ್ತದೆ. ನಟ್‌ಗಳನ್ನು ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಮ್ಯಾನುಯಲ್ ಹೇಳಿರುವಲ್ಲಿ ಥ್ರೆಡ್‌ಲಾಕರ್ ಹಾಕಿ.

ಹೊಸ ಚೈನನ್ನು ಎರಡೂ ಸ್ಪ್ರಾಕೆಟ್ಟಿನ ಮೇಲೆ ಹಾಯಿಸಿ, ಆಕ್ಸಲ್ ಅದರ ಜಾಗದ ಮುಂಭಾಗದ ಕಡೆಯೇ ಇರುವಂತೆ ಇಟ್ಟು ಲಿಂಕ್ ಎಣಿಸಿ. ಚೈನ್ ಓಡುತ್ತ ಓಡುತ್ತ ಉದ್ದವಾದಾಗ ಆಕ್ಸಲ್ ಹಿಂದೆ ಸರಿಸಲು ಜಾಗ ಬೇಕಲ್ಲ. ಎರಡು ಸಲ ಎಣಿಸಿ ಒಮ್ಮೆ ಕತ್ತರಿಸಿ. ರಿವೆಟ್ ಲಿಂಕಿಗೆ ನಾಲ್ಕು ರಿಂಗ್‌ಗಳೂ ಪ್ಯಾಕೆಟ್ಟಿನ ಗ್ರೀಸೂ ಇರಲೇಬೇಕು. ಒಂದು ರಿಂಗ್ ಬಿಟ್ಟುಹೋದರೆ ಆ ಪಿನ್ ಕೆಲವೇ ವಾರದಲ್ಲಿ ತುಕ್ಕು ಹಿಡಿದು ಬಿಗಿಯುತ್ತದೆ. ಹೊರ ತಟ್ಟೆಯನ್ನು ಒತ್ತುವಾಗ ಪಕ್ಕದ ಲಿಂಕಿನ ಅಗಲವನ್ನು ವರ್ನಿಯರಿನಲ್ಲಿ ಅಳೆದು ಅಷ್ಟಕ್ಕೇ ನಿಲ್ಲಿಸಿ. ಹೆಚ್ಚು ಒತ್ತಿದರೆ ಲಿಂಕ್ ಮಡಚದೆ ಸೆಟೆದು ನಿಲ್ಲುತ್ತದೆ. ಪಿನ್ನಿನ ತಲೆ ಅಗಲಿಸಿದ ಮೇಲೆ ಬರಬೇಕಾದ ವ್ಯಾಸ ಚೈನ್ ಪ್ಯಾಕೆಟ್ಟಿನ ಚೀಟಿಯಲ್ಲಿ ಇರುತ್ತದೆ, ಅದೇ ಅಂತಿಮ. ತಲೆಯ ಮೇಲೆ ಕೂದಲಿನಷ್ಟು ಬಿರುಕು ಕಂಡರೂ ಆ ಲಿಂಕ್ ಎಸೆದು ಹೊಸದು ಹಾಕಿ. ಈ ವೇಗದಲ್ಲಿ ಚೈನ್ ಹರಿದರೆ ಅದು ಎಂಜಿನ್ ಕೇಸನ್ನು ಒಡೆಯಬಹುದು, ಹಿಂದಿನ ಚಕ್ರವನ್ನು ಕಚ್ಚಿ ನಿಲ್ಲಿಸಬಹುದು.

ಈಗ ಸಡಿಲ ನೋಡಬೇಕು. ಅಳತೆ ಮ್ಯಾನುಯಲ್ಲಿನದು, ಅಳೆಯುವುದು ಚಕ್ರ ತಿರುಗಿಸಿ ಸಿಗುವ ಅತಿ ಬಿಗಿ ಜಾಗದಲ್ಲಿ. ಮುಂದಿನ ಸ್ಪ್ರಾಕೆಟ್ ಶಾಫ್ಟ್, ಸ್ವಿಂಗ್‌ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ನೀವು ಕೂತು, ಸೀಟಿನ ಹಿಂದೆ ಇನ್ನೊಬ್ಬರು ಒತ್ತಿದಾಗ ಈ ಸ್ಥಿತಿಗೆ ಹತ್ತಿರ ಬರುತ್ತದೆ. ಅಲ್ಲೂ ಬೆರಳಿಗೆ ಸ್ವಲ್ಪ ಆಟ ಉಳಿಯಲೇಬೇಕು. ಸ್ಟ್ಯಾಂಡಿನ ಮೇಲೆ ಅಂದವಾಗಿ ಬಿಗಿದ ಚೈನ್ ಗುಂಡಿಗೆ ಬಿದ್ದಾಗ ತಂತಿಯಾಗಿ ಔಟ್‌ಪುಟ್ ಶಾಫ್ಟಿನ ಬೇರಿಂಗನ್ನೂ ಸೀಲನ್ನೂ ತಿನ್ನುತ್ತದೆ. ಸಡಿಲವೋ ಬಿಗಿಯೋ ಎಂಬ ಸಂಶಯ ಬಂದರೆ ಸಡಿಲದ ಕಡೆಗೇ ಇರಿ.

ಅಡ್ಜಸ್ಟರಿನ ಗೆರೆಗಳನ್ನು ಪೂರ್ತಿ ನಂಬಬೇಡಿ. ಎರಡೂ ಬದಿ ಸ್ವಿಂಗ್‌ಆರ್ಮ್ ಪಿವಟ್ ಮಧ್ಯದಿಂದ ಆಕ್ಸಲ್ ಮಧ್ಯಕ್ಕೆ ಅಳೆದು ಹೊಂದಿಸಿ. ಹಿಂದಿನಿಂದ ನೋಡಿದಾಗ ಚೈನ್ ಹಲ್ಲಿನ ನಟ್ಟನಡುವೆ ಓಡಬೇಕು. ಆಕ್ಸಲ್ ನಟ್ ಬಿಗಿಯುವಾಗ ಮಡಚಿದ ಬಟ್ಟೆಯನ್ನು ಚೈನ್ ಮತ್ತು ಹಿಂದಿನ ಸ್ಪ್ರಾಕೆಟ್ ನಡುವೆ ಸಿಕ್ಕಿಸಿ ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಆಕ್ಸಲ್ ಅಡ್ಜಸ್ಟರಿಗೆ ಒತ್ತಿ ನಿಲ್ಲುತ್ತದೆ, ಬಿಗಿಯುವಾಗ ಸರಿಯುವುದಿಲ್ಲ. ಆ ಬಟ್ಟೆ ತೆಗೆಯುವುದನ್ನು ಮರೆಯಬೇಡಿ, ಮತ್ತು ಎಂಜಿನ್ ಚಾಲೂ ಇರುವಾಗ ಕೈಯಾಗಲಿ ಬಟ್ಟೆಯಾಗಲಿ ಚೈನಿನ ಹತ್ತಿರ ಹೋಗಬಾರದು. ಎಂಥೆಂಥ ಅನುಭವಿಗಳೂ ಇಲ್ಲಿ ಬೆರಳು ಕಳೆದುಕೊಂಡಿದ್ದಾರೆ. ಕೊನೆಗೆ ಚಕ್ರ ನೆಲಕ್ಕಿಳಿಸಿ, ಬ್ರೇಕ್ ಹಿಡಿಸಿ, ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟನ್ನು ಟಾರ್ಕಿಗೆ ಬಿಗಿ ಮಾಡಿ. ಹೊರಡುವ ಮೊದಲು ಹಿಂದಿನ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಚಕ್ರ ತೆಗೆದಾಗ ಪ್ಯಾಡ್‌ಗಳು ಹಿಂದೆ ಸರಿದಿರುತ್ತವೆ, ಮೊದಲ ಒತ್ತಿಗೆ ಬ್ರೇಕ್ ಸಿಗುವುದಿಲ್ಲ.

100 ಕಿ.ಮೀ. ಓಡಿದ ಮೇಲೆ ಸಡಿಲವನ್ನೂ ಎಲ್ಲ ನಟ್‌ಗಳನ್ನೂ ಮತ್ತೆ ನೋಡಿ. ಆಮೇಲೆ 500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ ಪ್ರತಿ ಮಳೆಯ ಓಡಾಟದ ನಂತರ, ಚೈನ್ ಇನ್ನೂ ಬಿಸಿ ಇರುವಾಗ ಒಳಬದಿಗೆ ಲ್ಯೂಬ್ ಹಾಕಿ. ತೊಳೆಯಲು ಸೀಮೆಎಣ್ಣೆ ಸಾಕು. ಪೆಟ್ರೋಲ್ ಮತ್ತು ತಂತಿ ಬ್ರಷ್ ರಬ್ಬರ್ ರಿಂಗ್‌ಗಳನ್ನು ಹಾಳು ಮಾಡುತ್ತವೆ.

ಸ್ಪೀಡೋಮೀಟರ್

ವೇಗದ ಸೆನ್ಸರ್ ಎಲ್ಲಿದೆ ಎಂಬುದರ ಮೇಲೆ ಇದು ನಿಂತಿದೆ. ಚಕ್ರದಿಂದ ಓದುವ ಬೈಕಿನಲ್ಲಿ ಸ್ಪ್ರಾಕೆಟ್ ಬದಲಿಸಿದರೂ ಮೀಟರ್ ಕದಲುವುದಿಲ್ಲ. ಗೇರ್‌ಬಾಕ್ಸಿನ ಔಟ್‌ಪುಟ್‌ನಿಂದ ಓದುವ ಬೈಕಿನಲ್ಲಿ 15/47 ಹಾಕಿದರೆ ಮೀಟರ್ ನಿಜಕ್ಕಿಂತ ಶೇ 4.4 ಹೆಚ್ಚು ತೋರಿಸುತ್ತದೆ, ಓಡಿದ ಕಿಲೋಮೀಟರೂ ಅಷ್ಟೇ ಹೆಚ್ಚು ಎಣಿಕೆಯಾಗುತ್ತದೆ. ನಿಮ್ಮದರಲ್ಲಿ ಖಚಿತ ಮಾಡಿಕೊಳ್ಳಲು ಸುಲಭ ದಾರಿ: ಕೆಲಸಕ್ಕೆ ಮೊದಲು ನೇರ ರಸ್ತೆಯಲ್ಲಿ, ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು, ಮೀಟರ್ 60 ತೋರಿಸುವಾಗ ಮೊಬೈಲಿನ ಜಿಪಿಎಸ್ ಎಷ್ಟು ತೋರಿಸುತ್ತದೆ ಎಂದು ಅವರು ಬರೆದುಕೊಳ್ಳಲಿ. ಕೆಲಸದ ನಂತರ ಅದೇ ರಸ್ತೆಯಲ್ಲಿ ಅದನ್ನೇ ಮತ್ತೆ ಮಾಡಿ. ಎರಡೂ ಸಲ ಅಂತರ ಅಷ್ಟೇ ಇದ್ದರೆ ನಿಮ್ಮ ಮೀಟರ್ ಚಕ್ರದಿಂದ ಓದುತ್ತಿದೆ. ಎಬಿಎಸ್‌ಗೆ ಸ್ಪ್ರಾಕೆಟ್ ಬದಲಾವಣೆಯಿಂದ ತೊಂದರೆ ಇಲ್ಲ, ಅದು ಹೋಲಿಸುವುದು ಎರಡು ಚಕ್ರಗಳ ವೇಗವನ್ನು. ಅದಕ್ಕೆ ಗೊಂದಲ ಮಾಡುವುದು ಟೈರಿನ ಅಳತೆ ಬದಲಾದಾಗ.